ಮೂವತ್ತೊಂದು, ಮೂವತ್ತೆರಡು

ಜೂನ್ ಹನ್ನೊಂದು. ತೊಕಾತ್ ಆಸ್ಪತ್ರೆ, ಎರಡನೇ ಮಹಡಿ.
ನನ್ನ ಫಾರಮ್ಮಿನಲ್ಲಿ ಹದಿನೇಳು ಪ್ರಶ್ನೆ.
ಹೆಸರು?
ದುರ್ದು. ಅಂದರೆ ನಿಂತಳು, ಉಳಿದಳು ಎಂದು:
ಮೊದಲಿನ ಮೂರೂ ತೊಟ್ಟಿಲಲ್ಲೇ ಹೋದ ಮೇಲೆ ಹುಟ್ಟಿದವಳು.
ಪಕ್ಕದ ಕೋಣೆಯಲ್ಲಿ ಗಂಡ, ಸಾತಿಲ್ಮಿಶ್,
ಮಾರಿಹೋದವನು. ಸಾವಿನ ಕಣ್ಣು ತಪ್ಪಿಸಲು
ಹೆತ್ತವರು ಹಿಡಿ ತವುಡಿಗೆ ಮಾರುತ್ತಾರಲ್ಲ, ಹಾಗೆ.

ಎಷ್ಟು ದಿನದ ಹಿಂದೆ?
ಹೋದ ಭಾನುವಾರ. ಕೆಂಪು ಹಸುವಿನ ಹಾಲು ಕರೆಯುವಾಗ
ಕಿವಿಯ ಹಿಂದೆ ಏನೋ ಹರಿದ ಹಾಗಾಯಿತು.
ಅವನು ಕಿತ್ತ. ಹೆಬ್ಬೆರಳ ಉಗುರ ಮೇಲಿಟ್ಟು
ಚಟ್ ಎನ್ನಿಸಿದ.
ನೋಡು, ನಿನ್ನದೇ ರಕ್ತ, ಅಂದ, ನಕ್ಕ.
ಬೆರಳಲ್ಲಿ ಗಾಯವಿತ್ತೆ?
ಕುಡುಗೋಲು ಹಿಡಿದವನ ಬೆರಳಲ್ಲಿ ಯಾವಾಗ ಇರುವುದಿಲ್ಲ?

ಹದಿನೆಂಟನೆಯದು ಅವಳೇ ಕೇಳಿದಳು:
ಹಸುವಿಗೇನೂ ಆಗುವುದಿಲ್ಲ ತಾನೆ?
ಇಲ್ಲ. ಅದು ಮೇಯುತ್ತದೆ, ಮೆಲುಕು ಹಾಕುತ್ತದೆ,
ನಾಲ್ಕಾರು ದಿನ ನೆತ್ತರಲ್ಲಿ ಹೊತ್ತು ಮರೆತುಬಿಡುತ್ತದೆ.
ಸದ್ಯ, ಅಂದಳು,
ವಸಡಿನ ಕೆಂಪನ್ನು ತಲೆವಸ್ತ್ರದ ತುದಿಯಲ್ಲಿ ಒತ್ತಿಕೊಂಡು.

ದೂರದ ಯಾವುದೋ ಭಾಷೆಯಲ್ಲಿ
ಕುರಿಯ ಮೈಮೇಲಿನ ಎರಡಕ್ಕೂ ಒಂದೇ ಹೆಸರಂತೆ,
ನಮ್ಮನ್ನು ಹೊದೆಸುವುದಕ್ಕೂ ನಮ್ಮನ್ನು ಹೀರುವುದಕ್ಕೂ.
ಇಲ್ಲಿಯ ಉಣ್ಣೆ ಹುಲ್ಲ ತುದಿಯಲ್ಲಿ ಕಾದು ಕೂರುವ ಜಾತಿಯಲ್ಲ.
ಪಟ್ಟೆ ಕಾಲುಗಳಲ್ಲಿ ನೆಲದ ಮೇಲೆ ಓಡಿ ಬೆನ್ನಟ್ಟುತ್ತದೆ.
ಪಟ್ಟಣ ಸೇರಿದವರ ಹೊಲದಲ್ಲಿ ಪೊದೆ,
ಪೊದೆಯಲ್ಲಿ ಮೊಲ,
ಮೊಲದ ಕಿವಿಯಲ್ಲಿ ಅದರ ಮರಿ.

ಮುಂದಿನ ಬುಧವಾರ ಸಾತಿಲ್ಮಿಶ್ ಹೋದ.
ಪ್ಲೇಟ್‌ಲೆಟ್ ಒಂಬತ್ತು ಸಾವಿರ.
ದುರ್ದುವಿನದು ಹನ್ನೊಂದಕ್ಕಿಳಿದು
ಒಂದು ರಾತ್ರಿಯೆಲ್ಲ ಅಲ್ಲೇ ನಿಂತು
ಹತ್ತತೊಡಗಿತು.

ನವೆಂಬರಿನಲ್ಲಿ ಅಂಕಾರಾದಿಂದ ವರದಿ.
ಇಡೀ ವೈರಸ್ಸೆಂದರೆ ಮೂರು ತುಂಡು ದಾರ,
ಗಿಡ್ಡದ್ದು, ನಡುವಿನದು, ಉದ್ದದ್ದು.
ಗಿಡ್ಡವೂ ಉದ್ದವೂ ಈ ಕಣಿವೆಯವೇ.
ನಡುವಿನದು ಮಾತ್ರ ಕಪ್ಪು ಸಮುದ್ರದಾಚೆಯ ಬಳಗ.
ಎಂದೋ ಒಂದೇ ಉಣ್ಣೆಯ ಹೊಟ್ಟೆಯಲ್ಲಿ ಎರಡು ವಂಶ ಸೇರಿ
ದಾರ ಬದಲಾಯಿಸಿಕೊಂಡಿವೆ;
ಯಾವ ಹಕ್ಕಿಯ ರೆಕ್ಕೆಯಡಿ ಬಂತೋ ಆ ನಂಟು.
ಇಷ್ಟೆಲ್ಲ ತಿಳಿಯಿತು.
ಮಾದರಿ ಮೂವತ್ತೊಂದು, ಅವಳು. ಮೂವತ್ತೆರಡು, ಅವನು.
ಹತ್ತೊಂಬತ್ತು ಸಾವಿರ ಅಕ್ಷರದಲ್ಲಿ
ಒಂದಕ್ಷರದ ವ್ಯತ್ಯಾಸವಿಲ್ಲ.

ವರದಿ ಮಡಚಿಕೊಂಡು ಹಳ್ಳಿಗೆ ಹೋದೆ.
ಕೊಟ್ಟಿಗೆಯಲ್ಲಿದ್ದಳು,
ನಾವೇ ಹಂಚಿದ ಕೈಗವಸು ತೊಟ್ಟು.
ಅವಳ ಕೈಗೆ ದೊಡ್ಡದು, ಬೆರಳ ತುದಿಗಳು ಜೋಲುತ್ತಿದ್ದವು.
ಇಬ್ಬರಿಗೂ ಬಂದದ್ದು ಒಂದೇನಾ?
ಒಂದೇ.
ಹಾಗಾದರೆ?

ನನ್ನ ಹದಿನೇಳರಲ್ಲಿ ಎಲ್ಲೂ ಇರಲಿಲ್ಲ ಅದು.
ಕೆಂಪು ಹಸು ಬಾಲ ಬೀಸಿ ಕಾಗದಕ್ಕೊಂದು ಬಿಗಿಯಿತು.
ಅವಳು ಗವಸು ಕಳಚಿ ಗೂಟಕ್ಕೆ ಸಿಕ್ಕಿಸಿದಳು.
ಇದನ್ನು ಹಾಕಿಕೊಂಡರೆ
ಇವಳು ಸೊರೆ ಬಿಡುವುದಿಲ್ಲ, ಅಂದಳು.