ಅರಿ ಹಾಕಿದ ಮೇಲೆ

ಮದ್ರಾಸಿನ ಆಚೆ ಸಮುದ್ರದಲ್ಲಿ ಏನೋ ಸುತ್ತುತ್ತಿದೆಯಂತೆ.
ಅದಕ್ಕೆ ಇಲ್ಲಿ, ಮುಳಬಾಗಿಲಿನಿಂದ ಒಂಬತ್ತು ಮೈಲಿ ಒಳಗೆ,
ನಮ್ಮ ಕೊಟ್ಟಿಗೆಯ ಶೀಟಿನ ಮೇಲೆ ನಾಲ್ಕು ದಿನದಿಂದ
ಯಾರೋ ಮೊರ ಕೆಳಗಿಡದೆ ಕೇರುತ್ತಿದ್ದಾರೆ.

ಬರುವುದಿದ್ದರೆ ತೆನೆ ಹಾಲುಗಟ್ಟುವಾಗ ಬರಬಹುದಿತ್ತು,
ಆಗ ನಾವೇ ಮುಖವೆತ್ತಿ ಕರೆದಿದ್ದೆವು.
ಕುಯ್ದು ಅರಿ ಹಾಕಿದ ಮಾರನೆಯ ದಿನ
ನೆಂಟನ ಹಾಗೆ ಬಂದು, ಚಪ್ಪಲಿ ಬಿಟ್ಟು, ಗೋಡೆಗೊರಗಿ ಕೂತಿದೆ.

ನಾಲ್ಕೂವರೆಗೆ ಏಳುತ್ತೇನೆ.
ಗೊಬ್ಬರದ ಚೀಲದ ಕೊಪ್ಪೆ, ಹಲ್ಲಲ್ಲಿ ಕಚ್ಚಿದ ಟಾರ್ಚು.
ನೀರು ಕಾಯಿಸೋಣವೆಂದರೆ
ತಟ್ಟಿದ್ದ ಬೆರಣಿ ಗೋಡೆಯಿಂದ ಜಾರಿ
ಮತ್ತೆ ಸಗಣಿಯಾಗಿದೆ.
ಹೇಗೋ ಹೊತ್ತಿದ ಸೌದೆಯ ಹೊಗೆಯೂ ಒದ್ದೆ,
ಮೇಲೇಳಲಾರದೆ ಹಸುಗಳ ಮೊಣಕಾಲ ಸುತ್ತ ಸುಳಿಯುತ್ತದೆ.
ಇರಲಿ. ಸೊಳ್ಳೆಯಾದರೂ ಹೋಗುತ್ತವೆ.

ಮೂರು ಸೀಮೆಹಸು, ಒಂದು ನಾಟಿ ಮುದುಕಿ.
ಸೀಮೆಹಸುಗಳಿಗೆ ನಾವು ಹೆಸರಿಡಲಿಲ್ಲ, ವಿಮೆಯವರು ಚುಚ್ಚಿದ
ಕಿವಿಯ ಹಳದಿ ಬಿಲ್ಲೆಯ ಕೊನೆಯ ಅಂಕಿ ಕೂಗುತ್ತೇವೆ.
ಎಪ್ಪತ್ತೇಳೂ, ಕಾಲೆತ್ತೇ. ನಲವತ್ತೂ, ಆ ಕಡೆ ಸರಿಯೇ.
ನಾಟಿಗೆ ಮಾತ್ರ ನಮ್ಮತ್ತೆ ಇಟ್ಟ ಹೆಸರಿದೆ, ಪಾಪಮ್ಮ.
ಕರೆದರೆ ತಿರುಗಿಯೂ ನೋಡುವುದಿಲ್ಲ.

ಎಪ್ಪತ್ತೇಳರ ಕೆಚ್ಚಲು ಬಿಸಿನೀರಲ್ಲಿ ಒರೆಸುವಾಗ
ಕಣ್ಣಿಗಿಂತ ಮುಂಚೆ ಕೈಗೆ ತಿಳಿಯಿತು:
ಎಡಗಡೆ ಹಿಂದಿನ ಮೊಲೆ ಇವತ್ತು ಗಟ್ಟಿಯಿಲ್ಲ, ಬಾವು ಇಳಿದಿದೆ.
ದಿನದ ಮೊದಲ ಒಳ್ಳೆಯ ಸುದ್ದಿ.
ಇಂಥದ್ದನ್ನು ಯಾರಿಗೆ ಫೋನು ಮಾಡಿ ಹೇಳುವುದು?

ಡೈರಿಯಲ್ಲಿ ಚೌಡರೆಡ್ಡಿ ಯಂತ್ರದ ಮುಖ ನೋಡಿ
ಆಮೇಲೆ ನನ್ನ ಮುಖ ನೋಡಿದ.
“ಫ್ಯಾಟು ಮೂರು ಪಾಯಿಂಟ್ ಒಂದು. ಏನಕ್ಕಾ, ನೀರೇನಾದ್ರೂ...”
“ನಾನಾಕಿಲ್ಲಪ್ಪ. ಮೇಲಿರೋನು ಹುಲ್ಲಿಗಾಕವ್ನೆ.
ಅವನ ಹೆಸರಿಗೇ ಬರ್ಕೋ.”
ಸಾಲಿನಲ್ಲಿದ್ದ ಕ್ಯಾನುಗಳೆಲ್ಲ ನಕ್ಕವು.
ಚೀಟಿ ಗರಗರ ಹರಿದು ಬಂತು.
ಊರಿನಲ್ಲಿ ಒಣಗಿರುವುದು ಅದೊಂದೇ.

ದಾರಿಯಲ್ಲಿ ಪಿಳ್ಳಪ್ಪನವರ ಹುಳುಮನೆ.
ಒದ್ದೆ ಸೊಪ್ಪು ಹಾಕಿದರೆ ಹುಳುವಿಗೆ ರೋಗವೆಂದು
ಅತ್ತೆ ಸೊಸೆ ಫ್ಯಾನಿನ ಕೆಳಗೆ ಕೂತು ಎಲೆ ಎಲೆ ಒರೆಸುತ್ತಿದ್ದಾರೆ,
ಜ್ವರ ಬಂದವರ ಹಣೆ ಒರೆಸುವ ಹಾಗೆ.
ಕರೆಂಟು ಹೋಯಿತು.
ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ
ಸೆರಗು ಬೀಸತೊಡಗಿದರು.

ಹೊಲದ ಕಡೆ ಹೋಗಬಾರದು ಎಂದುಕೊಂಡೇ ಹೋದೆ.
ನಮ್ಮವರು ಆಗಲೇ ಅಲ್ಲಿದ್ದರು, ಬಗ್ಗಿ ಒಂದೊಂದೇ ಅರಿ ಮಗುಚುತ್ತಾ,
ಕಾಯಿಲೆಯವರನ್ನು ಮಗ್ಗುಲು ಹೊರಳಿಸಿದ ಹಾಗೆ.
ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ,
ಮಳೆ ಎರಡಕ್ಕೂ.
ಮಾತಾಡದೆ ಒಂದು ತೆನೆ ನನ್ನ ಅಂಗೈಗಿಟ್ಟರು.
ಮುಷ್ಟಿ ಹಿಡಿದ ಅದರ ಬೆರಳಸಂದಿಗಳಲ್ಲಿ
ಬಿಳಿ ಬೇರು, ಸೂಜಿಮೊನೆಯಷ್ಟು ಹಸಿರು.

ಮಗುವಿಗೆ ಸರಿ ಮಾಡಲು
ರಾಗಿ ನೆನೆಸಿ, ಬಿಳಿ ಪಂಚೆಯ ತುಂಡಲ್ಲಿ ಗಂಟು ಕಟ್ಟಿ,
ಮೊಳಕೆ ಬಂತೇ ಎಂದು ಬೆಳಿಗ್ಗೆ ಸಂಜೆ ಮೂಸುತ್ತೇವಲ್ಲ,
ಅದೇ ವಾಸನೆ. ಮುಕ್ಕಾಲು ಎಕರೆ ತುಂಬ.
ನನ್ನ ಮಗಳಿಗೆ ಕಟ್ಟಿದ ಗಂಟು ಹಿಡಿಯಷ್ಟಿತ್ತು,
ಅವಳಿಗೀಗ ಹದಿನಾರು.
ಇಷ್ಟೊಂದು ಸರಿ ಯಾವ ಮಗು ಕುಡಿಯುತ್ತದೆ?

“ನಗ್ತೀಯಲ್ಲೇ,” ಅಂದರು.
ನಗಲಿಲ್ಲ. ನಕ್ಕೆನೋ ಏನೋ.

ಒಂದು ಹೊರೆ ಕಟ್ಟಿ ತಲೆ ಮೇಲೆ ತಂದೆ,
ನೀರು ಬೆನ್ನುಮೂಳೆ ಹಿಡಿದು ಇಳಿಯಿತು.
ಬಿಚ್ಚಿದ ಕೂಡಲೇ ಎಪ್ಪತ್ತೇಳು ಬಾಯಿ ಹಾಕಿತು, ನಲವತ್ತು ಹಾಯಲು ಬಂತು.
ತಿರುಗಿ ನೋಡಿದರೆ, ಕರೆದರೂ ತಿರುಗದ ಪಾಪಮ್ಮ
ಹಗ್ಗ ಬಿಗಿಯಾಗುವಷ್ಟು ಕತ್ತು ಚಾಚಿ ನಿಂತಿದ್ದಾಳೆ.
ಅವಳಿಗೆ ಹಲ್ಲು ಸವೆದು ವರ್ಷವಾಯಿತು, ಒಣಹುಲ್ಲು ಉಗುಳುತ್ತಾಳೆ.
ಕಾಲು ಮಡಚಿ ಕೂತೆ.
ತೆನೆ ಬಿಡಿಸಿ ಬಿಡಿಸಿ ಬಾಯಿಗಿಟ್ಟೆ.
ಮೊಳಕೆ ಮೆತ್ತಗಿತ್ತು.

ಶೀಟಿನ ಮೇಲೆ ಅದೇ ಸದ್ದು.
ಸಂಜೆಯ ಹಾಲಿಗೆ ಇನ್ನೂ ಏಳು ಗಂಟೆ ಇದೆ.