ಜೇಬಿನಡಿಯ ಬಣ್ಣ

ಹನ್ನೊಂದು ವರ್ಷ ನಾನು ಹೊಲಿದದ್ದು ಎಡಗೈ ಕಫ್ಫು.
ಪೀಣ್ಯ, ಮೂರನೇ ಮಹಡಿ, ಆರನೇ ಲೈನು.
ಗಂಟೆಗೆ ತೊಂಬತ್ತು.
ಬಲಗೈ ಯಾರದೆಂದು ಗೊತ್ತು:
ಎದುರು ಕೂರುವ ಹೊಂಬಾಳಮ್ಮನದು.
ಅಂಗಿ ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲ.
ಯಾವುದೋ ಚಳಿಯ ಊರಲ್ಲಿ ಯಾರೋ
ಎಡಗೈ ಗುಂಡಿ ಹಾಕಿಕೊಳ್ಳುವಾಗ
ನನಗೆ ಬಿಕ್ಕಳಿಕೆ ಬರಬೇಕಿತ್ತು,
ಬಂದಿಲ್ಲ.

ಪಂಕಜಕ್ಕ ಎರಡು ಖಾಕಿ ಅಂಗಿ ತಂದುಕೊಟ್ಟಳು,
ಬಿಎಂಟಿಸಿಯಲ್ಲಿ ಇಪ್ಪತ್ತಾರು ವರ್ಷ ಟಿಕೆಟ್ ಹರಿದು
ರಿಟೈರಾದ ಮಾರನೇ ದಿನ.
"ಸ್ಟೀಲ್ ಪಾತ್ರೆಯವನು ಇವಕ್ಕೆ ಒಂದು ಚಮಚಾನೂ ಕೊಡಲ್ಲ ಕಣೆ.
ನೀನು ಟೈಲರಲ್ವಾ, ಮಗೂಗೆ ಏನಾದ್ರೂ ಹೊಲಿ."
ನಾನು ಟೈಲರಲ್ಲಕ್ಕ, ಕಫ್ಫು
ಅನ್ನಲು ನಾಚಿಕೆಯಾಯಿತು.

ಭಾನುವಾರ, ಲಗ್ಗೆರೆಯ ನಮ್ಮ ಒಂದೇ ರೂಮಿನಲ್ಲಿ
ಕಿಟಕಿಗೆ ಬೆನ್ನು ಕೊಟ್ಟು ಬಿಚ್ಚತೊಡಗಿದೆ.
ಹೊಲಿಯುವುದಕ್ಕಿಂತ ಬಿಚ್ಚುವುದು ನಿಧಾನ.
ಬ್ಲೇಡು ಒಂದೆಳೆ ಜಾರಿದರೆ ಬಟ್ಟೆ ಹೋಯಿತು.
ಯಾರೋ ಗಟ್ಟಿ ಕೈಯವರು ಹೊಲಿದಿದ್ದರು,
ಕಂಕುಳ ಸಂದಿಗೆ ಎರಡೆರಡು ಸಲ ಓಡಿಸಿದ್ದರು.
ಬೈಯುತ್ತ ಬೈಯುತ್ತಲೇ ಮೆಚ್ಚಿದೆ.

ಜೇಬಿನ ಮೂಲೆಯಲ್ಲಿ
ಒಗೆತಕ್ಕೆ ಉಂಡೆಯಾದ ಟಿಕೆಟ್ಟು,
ಶುಂಠಿ ಪೆಪ್ಪರಮಿಂಟಿನ ಕಾಗದ,
ಇಳಿಯುವಾಗ ಕೇಳಿ ಎಂದು ಯಾರಿಗೋ ಹೇಳಿ
ಉಳಿದೇ ಹೋದ ಎರಡು ರೂಪಾಯಿ.
ಜೇಬನ್ನೇ ಕಿತ್ತೆ:
ಅಬ್ಬಾ, ಅದರಡಿ ಅಂಗೈಯಗಲ
ಬಿಸಿಲು ಕಾಣದ ಖಾಕಿ!
ಸುತ್ತಲ ಬಟ್ಟೆಯೆಲ್ಲ ಒಣಹುಲ್ಲಿನಂತೆ ಬಿಳಿಚಿದ್ದರೆ
ಇದು ಮಾತ್ರ ಹುರಿದ ಧನಿಯಾದ ಬಣ್ಣ.
ಎಷ್ಟು ಸಲ ಮೆಜೆಸ್ಟಿಕ್ಕಿಗೆ ಹೋಗಿ ಬಂದರೂ
ಈ ಒಂದು ತುಂಡು ಊರನ್ನೇ ನೋಡಿಲ್ಲ.

ಕಫ್ಫಿನಿಂದಲೇ ಶುರು ಮಾಡಿದೆ, ಬರುವುದು ಅದೊಂದೇ.
ತೋಳು ಹೇಗೋ ಕೂತಿತು.
ಕಾಲರಿಗೆ ಬಂದು ಕೈ ನಿಂತುಬಿಟ್ಟಿತು.
ಕಾಲರಿನ ಶಹತಾಜಳಿಗೆ ಫೋನು ಮಾಡಿದೆ.
ಅವಳ ಜೊತೆಗೆ ಹೊಂಬಾಳಮ್ಮ,
ಹಿಂದೆಯೇ ಚೆಕಿಂಗಿನ ಎಸ್ತರ್, ಖಾರಪುರಿಯ ಪೊಟ್ಟಣ ಹಿಡಿದು.
ಒಂದೇ ಮಿಷನ್ನು, ನಾಲ್ಕು ಜನ.
ಸೂಪರ್‌ವೈಸರಿಲ್ಲ,
ಉಚ್ಚೆಗೆ ಹೋಗಲು ಟೋಕನ್ ಬೇಕಿಲ್ಲ.
ಶಹತಾಜ್ ಸವೆದ ಕಾಲರಿನ ಒಳಗನ್ನು ಹೊರಗೆ ಮಾಡಿ
ಹಲ್ಲಲ್ಲಿ ದಾರ ಕಡಿದು "ಇಷ್ಟೇ" ಅಂದಳು.
"ಎಡಗೈ ಆಗೇ ಹೋಯ್ತಾ?
ಸರಿ ಏಳು, ಬಲಗೈ ನಂದು," ಹೊಂಬಾಳಮ್ಮ.

ಎಸ್ತರ್ ಲೈಟಿಗೆ ಹಿಡಿದು ಬೆನ್ನು ನೋಡಿದಳು.
"ಶೇಡ್ ಬೇರೆ ಬೇರೆ. ರಿಜೆಕ್ಟ್!" ಅಂದಳು,
ಥೇಟ್ ಫ್ಯಾಕ್ಟರಿಯ ಗಂಟಲಲ್ಲಿ.
ನಕ್ಕು ನಕ್ಕು ಶಹತಾಜಳಿಗೆ ಪುರಿ ನೆತ್ತಿಗೇರಿತು.
ಆ ಧನಿಯಾ ಬಣ್ಣದ ಚೌಕವನ್ನು
ಬೇಕೆಂದೇ ಬೆನ್ನ ನಡುವೆ ಬರುವಂತೆ ಕತ್ತರಿಸಿದ್ದೆ.

ಮೋಕ್ಷಿತಾ ಹಾಕಿಕೊಂಡು ತಿರುಗಿದಳು.
ಕುತ್ತಿಗೆ ಸ್ವಲ್ಪ ಬಿಗಿ.
ಅಂಚಿನೊಳಗೆ ನಾಲ್ಕು ಬೆರಳು ಮಡಚಿಟ್ಟಿದ್ದೇನೆ,
ಮುಂದಿನ ಜೂನಿಗೆ ಎರಡು, ಅದರಾಚೆಯ ಜೂನಿಗೆ ಎರಡು.
"ಪೊಲೀಸ್ ಥರ ಇದೆ" ಎಂದು ಮುಖ ಊದಿಸಿ
ಜೇಬಿದೆಯೆಂದು ತಿಳಿದ ಮೇಲೆ ಕ್ಷಮಿಸಿದಳು.
ಆ ಎರಡು ರೂಪಾಯಿ ಈಗ ಅವಳದು.

ಸಂಜೆ ಪಂಕಜಕ್ಕ ಬಂದಳು.
ಮಗುವನ್ನು ಹತ್ತಿರ ಎಳೆದು ಹೆಗಲು ತಡವಿದಳು,
ಬ್ಯಾಗಿನ ಪಟ್ಟಿ ತಿಂದ ಜಾಗ ಹುಡುಕುತ್ತ.
"ಎಲ್ಲೇ ಅದು? ಆಚೆ ಬೆಳಕು ಕಾಣೋಷ್ಟು ಸವೆದಿತ್ತು."
ಹೇಳುವಷ್ಟರಲ್ಲಿ ಹಾಲು ಉಕ್ಕಿತು.
ಓಡಿ ಇಳಿಸಿದೆ.
ಅಕ್ಕ ನನ್ನ ಕೈಯ ಮಸಿಬಟ್ಟೆಯನ್ನೇ ನೋಡಿದಳು,
ನಾಲ್ಕು ಮಡಿಕೆ, ಖಾಕಿ.
"ಸುಡುತ್ತಾ?" ಅಂದಳು.
ಇಲ್ಲ ಅಂದೆ.