ಇತರೆ

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು.
ಮೂಲೆಯಲ್ಲೊಂದು ಕಲೆ, ಬಿಳಿ ಬಟ್ಟೆಗೆ ಹಾಕುವ ನೀಲಿಯದು.
ಅರ್ಜಿ ಬರೆದದ್ದು ಮೊಮ್ಮಗಳು, ಏಳನೇ ಕ್ಲಾಸು, ದುಂಡಕ್ಷರ.
ಕೆಳಗೆ ಹೆಬ್ಬೆಟ್ಟಲ್ಲ, ಸಹಿ:
ದ್ಯಾವೀರಮ್ಮ, ಮಡಿವಾಳರ ಬೀದಿ, ಬಿದರೆಕೊಪ್ಪಲು,
ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ.
ಬೇಕಾದ ಮಾಹಿತಿ: ಹೋದ ಆಷಾಢದ
ಗ್ರಾಮಸಭೆಯ ನಡವಳಿ, ನಕಲು.

ಯಾಕಮ್ಮಾ ಇದು ನಿನಗೆ, ಅಂದೆ.
ಕಾರಣ ಕೇಳೋ ಹಾಗಿಲ್ಲ ಕಣ್ರೀ ತಿಮ್ಮಶೆಟ್ರೇ,
ಒಳಗಿಂದಲೇ ಪಿಡಿಓ ಮೇಡಂ ಅಂದರು.
ಕಾಯಿದೆ ಅಷ್ಟು ಮರ್ಯಾದಸ್ಥ:
ಯಾಕೆ ಅನ್ನುವ ಒಂದೇ ಮಾತನ್ನು
ನಮ್ಮ ಬಾಯಿಂದ ಕಿತ್ತುಕೊಂಡಿದೆ.

ಕೇಳದಿದ್ದರೇನು, ಊಹಿಸಬಹುದಲ್ಲ.
ಚರಂಡಿಯ ಬಿಲ್ಲೇ ಇರಬೇಕು ಅಂದರು ಅಧ್ಯಕ್ಷರು.
ಸೋತವನು ಹೇಳಿಕೊಟ್ಟದ್ದು ಅಂದರು ಉಪಾಧ್ಯಕ್ಷರು.
ಬೀದಿದೀಪದ ಕಡತಕ್ಕೆ ರಾತ್ರೋರಾತ್ರಿ ಹೊಸ ವೋಚರು ಬಂತು.
ಯಾರೋ ಅವಳ ಮನೆಗೆ ಒಂದು ಗೊನೆ ಎಳನೀರು ಕಳಿಸಿದರು.
ಕುಡಿದಳು. ಬುರುಡೆ ಒಣಗಿಸಿ ಒಲೆಗೆ ಹಾಕಿದಳು.
ಅರ್ಜಿ ವಾಪಸು ತಗೊಳ್ಳಲಿಲ್ಲ.

ನಾನು ಮಾತ್ರ ಪುಸ್ತಕ ತೆಗೆದು ನೋಡಿದೆ.
ಬರೆದವನು ನಾನೇ, ಹನ್ನೊಂದು ವರ್ಷದಿಂದ ನಾನೇ.
ಸಭೆ ಮುಗಿದು, ಮನೆಗೆ ಹೋಗಿ, ಊಟವಾದ ಮೇಲೆ.
ಓದಿ ಅಂಗೀಕರಿಸಲಾಯಿತು.
ಚರ್ಚಿಸಿ ತೀರ್ಮಾನಿಸಲಾಯಿತು.
ಓದಿದ್ದು ಯಾರು, ಚರ್ಚಿಸಿದ್ದು ಯಾರು?
ನಮ್ಮ ಭಾಷೆಯ ಈ ‘ಲಾಯಿತು’ ಎಂಬ ಬಾಲದ ಹಿಂದೆ
ಒಂದು ಊರಿಗೆ ಊರೇ ಅಡಗಿ ಕೂರಬಹುದು.

ಇಪ್ಪತ್ತೊಂಬತ್ತನೇ ದಿನ ಬಂದಳು.
ಮೂರು ಪುಟ, ಆರು ರೂಪಾಯಿ. ರಸೀದಿ ಹರಿದೆ.
ದೃಢೀಕೃತ ನಕಲು ಎಂದು ಮೂರು ಸಲ ಮೊಹರು ಒತ್ತಿದೆ.
ಸೋಡಾ ತಿಂದ ಬೆರಳನ್ನು ಸಾಲಿನ ಕೆಳಗಿಟ್ಟು
ಇಸ್ತ್ರಿ ತಳ್ಳುವ ಹಾಗೆ ತಳ್ಳುತ್ತಾ ಓದಿದಳು.
ಹೊಳೆನರಸೀಪುರದ ಬಸ್ಸು ಬಂತು, ಹೋಯಿತು.
ಕೊನೆ ಮುಟ್ಟಿದವಳು ಮತ್ತೆ ಮೊದಲಿಗೆ ಬಂದಳು.
ಆಮೇಲೆ ಕೇಳಿದಳು:
ಇದ್ರಲ್ಲಿ ನಾನೆಲ್ಲಿದೀನಿ ಸ್ವಾಮಿ?

ಅಷ್ಟೇ. ಅಷ್ಟಕ್ಕೇ ಆ ಪೋಸ್ಟಲ್ ಆರ್ಡರು.
ಅವತ್ತು ಎದ್ದು ನಿಂತಿದ್ದಳಂತೆ.
‘ಅಂತೆ’ ಯಾಕೆ, ನಿಂತಿದ್ದಳು, ನನಗೆ ನೆನಪಿದೆ.
ಐವತ್ತೆಂಟು ವರ್ಷದಲ್ಲಿ ಮೊದಲ ಸಲ, ಮೈಕಿಲ್ಲದೆ.
ನಾಲೆಗೆ ಇಳಿಯುವ ಮೆಟ್ಟಿಲಲ್ಲಿ ನಾಲ್ಕನೆಯದು ಇಲ್ಲ,
ಗಂಟು ಹೊತ್ತವಳಿಗೆ ಕಾಲಡಿ ಕಾಣುವುದಿಲ್ಲ,
ಎರಡು ಸಲ ಬಿದ್ದಿದ್ದೀನಿ ಅಂದಿದ್ದಳು.
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ನಾನು ಪೆನ್ನಿಗೆ ಕ್ಯಾಪು ಹಾಕಿದೆ.

ತೋರಿಸಿದೆ. ವಿಷಯ ಸಂಖ್ಯೆ ಹದಿನಾಲ್ಕು:
‘ಇತರೆ ವಿಷಯಗಳನ್ನು ಚರ್ಚಿಸಲಾಯಿತು.’
ಇತರೆ, ಅಂದಳು.
ಅಗುಳು ಹಿಸುಕಿ ನೋಡುವ ಹಾಗೆ ಇನ್ನೊಮ್ಮೆ,
ಇತರೆ.
ಬೈಯಲಿಲ್ಲ. ಬೈದಿದ್ದರೆ
ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದೆ.
ಮೂರು ಹಾಳೆಯನ್ನೂ ಮಡಿಸಿ, ಎಲೆಯಡಿಕೆ ಚೀಲಕ್ಕೆ ಸೇರಿಸಿ,
ಉಳಿದ ನಾಲ್ಕು ರೂಪಾಯಿ ಚಿಲ್ಲರೆ ಕೇಳಿ ತಗೊಂಡು ಹೋದಳು.

ಮುಂದಿನ ಸಭೆ ಶಾಲೆಯ ಅಂಗಳದಲ್ಲಿ.
ಕೋರಂಗೆ ಆರು ಜನ ಕಮ್ಮಿ, ಕಾದೆವು, ಸೇರಿತು.
ಎದ್ದಳು. ಅಧ್ಯಕ್ಷರ ಕಡೆ ನೋಡಲಿಲ್ಲ,
ನೆಟ್ಟಗೆ ನನ್ನ ಮೇಜಿನ ಮುಂದೆ ಬಂದು ನಿಂತಳು.
ಬರ್ಕಳಿ. ನಾನು ನಿಧಾನುಕ್ಕೆ ಹೇಳ್ತೀನಿ.
ದ್ಯಾವೀರಮ್ಮ.
ಬರ್ದ್ರಾ? ಮಡಿವಾಳರ ಬೀದಿ.
ನಾಲೆ ಮೆಟ್ಲು. ನಾಕ್ನೇದು.
ಇಲ್ಲ.
ಒಂದೊಂದು ಮಾತಿಗೂ ನಿಂತು
ನನ್ನ ಪೆನ್ನು ಬಂದು ಸೇರುವವರೆಗೆ ಕಾದಳು,
ಕತ್ತಲಲ್ಲಿ ಕಾಲಿನಿಂದ ತಡವಿ ತಡವಿ ಇಳಿಯುವವರ ಹಾಗೆ.
ಊರು ಕೂತಿತ್ತು. ಈ ಸಲ ಯಾರೂ ನಗಲಿಲ್ಲ,
ಅಥವಾ ನಕ್ಕದ್ದು ನನಗೆ ಕೇಳಲಿಲ್ಲ, ಬರೆಯುತ್ತಿದ್ದೆ.

ಆಯ್ತಾ, ಅಂದಳು.
ಆಯಿತು, ಅಂದೆ.
ಓದಿ, ಅಂದಳು.